ಕಂಬಳ್ಯಾಗ ಮಲಗಿದ ಸಿಲಿಂಡರ್

ನಮ್ಮ ಅಡಗಿಮನಿ ಕಿಡಕಿ ಕಟ್ಟಿ ಮ್ಯಾಲ ಮೂರು ಗ್ಯಾಸ್ ರೆಗ್ಯುಲೇಟರ್ ಸಾಲಾಗಿ ಕುಂತಾವ. ಮೂರರಾಗ ಒಂದೂ ಕೆಲಸಕ್ಕ ಬರೂದಿಲ್ಲ. ಮನಿಗೆ ಬಂದವರು ‘ಇವನ್ಯಾಕ ಇಟ್ಕೊಂಡೀರಿ, ಗುಜರಿಗೆ ಹಾಕಬಾರದೇನ್ರಿ’ ಅಂತ ಕೇಳ್ತಾರ. ನಮ್ಮ ಮನಿಯವರು ಹಾಕಗೊಡೂದಿಲ್ಲ. ಮೊದಲ ನಾನ ‘ಆ ದರಿದ್ರ ತಗದು ಒಗೀರಿ’ ಅಂತ ಒದರಾಡ್ತಿದ್ದೆ. ಈಗ ಕಿಡಕಿ ಒರಸುವಾಗ ಅವನ್ನೂ ಒರಸಿ, ಇದ್ದಲ್ಲೇ ಇಡತೀನಿ.

ನನ್ನ ಸಿಟ್ಟಿನ ಸುದ್ದಿ ನಮ್ಮೂರು ವಳಸಂಗದಾಗ ಯಾರನ್ನ ಕೇಳಿದ್ರೂ ಹೇಳ್ತಾರ. ಸಿಟ್ಟು ನನಗ ಮೂಗಿನ ತುದಿ ಮ್ಯಾಲ ಇರತದ, ಬಂದಷ್ಟ ಲಗೂನ ಹೋಗೂದೂ ಖರೆ. ಆದ್ರ ಹಟ ಹೋಗೂದಿಲ್ಲ. ಈ ಮೂರು ರೆಗ್ಯುಲೇಟರಿನ ಕತಿ ಸುರು ಆದದ್ದ ನನ್ನ ಒಂದು ಹಟದಿಂದ.

ಇಪ್ಪತ್ತೆರಡು ವರ್ಷದ ಹಿಂದ ಇವರು, ನನ್ನ ಗಂಡ, ಜ್ವರ ಬಂದು ಮಿರಜದ ಒಂದು ದವಾಖಾನ್ಯಾಗ ಹದಿನೇಳು ದಿನ ಮಲಗಿದ್ರು. ಡಾಕ್ಟರು ನನ್ನ ಮಾರಿ ನೋಡೂದು ಬಿಟ್ಟು ನೆಲ ನೋಡಿ ಮಾತಾಡಿದ ದಿವಸ, ನಾ ದವಾಖಾನಿ ಮೆಟ್ಟಲ ಪಾವಟಿಗಿ ಮ್ಯಾಲ ಕುಂತು ಕೊರಳಾಗಿನ ಲಿಂಗ ಹಿಡಕೊಂಡು ಬೇಡಿಕೊಂಡೆ. ‘ಇವರು ಎದ್ದು ಮನಿಗೆ ಬರಲಿ. ಜೀವ ಇರೂತನಕ ನನ್ನ ಕೈಲೆ ಒಲಿ ಹಚ್ಚಿ ಮಾಡಿದ್ದ ಬಿಟ್ಟು ಬ್ಯಾರೆ ಅನ್ನ ಮುಟ್ಟೂದಿಲ್ಲ. ಅದೂ ಆ ಹೊತ್ತಿಂದು ಆ ಹೊತ್ತಿಗೆ ಮಾಡಿ, ನಿನಗ ತೋರಿಸಿ ಉಣ್ಣತೀನಿ.’ ಇವರು ಎದ್ದ್ರು. ಮನಿಗೂ ಬಂದ್ರು. ನಾ ನನ್ನನ್ನ ಒಲಿಗೆ ಕಟ್ಟಿಹಾಕಿಕೊಂಡೆ.

ಹರಕಿ ಹೊರುವಾಗ ಸ್ವಲ್ಪ ಶಾಣೆತನ ಮಾಡಬೇಕಿತ್ತು ಅಂತ ಆಮ್ಯಾಲ ಎಷ್ಟೋ ಸಲ ಅನಿಸ್ಯಾದ. ಕಟಕ ರೊಟ್ಟಿಗಾದ್ರೂ ಜಾಗಾ ಬಿಡಬೇಕಿತ್ತು. ನಮ್ಮ ಕಡಿ ಮಂದಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಕಾಶಿಗೆ ಹೋಗಿ ಬರತಾರ. ನನಗ ಅದೂ ಇಲ್ಲ, ಯಾಕಂದ್ರ ಆ ಹೊತ್ತಿಂದು ಆ ಹೊತ್ತಿಗೆ ಅಂದುಬಿಟ್ಟೀನಲ್ಲ. ಮದವ್ಯಾಗ ಎಲ್ಲಾರೂ ಪಂಗತಿಗೆ ಕುಂತ್ರ ನಾ ಮೂಲ್ಯಾಗ ಬಾಳಿಹಣ್ಣು ಸುಲಕೋತ ಕುಂದರತಿದ್ದೆ. ತವರುಮನಿ ಬಾಲಗಾಂವಕ್ಕ ಹೋದ್ರ ನಮ್ಮ ತಂಗಿ ಒಂದು ಒಲಿ ನನಗಂತನ ಖಾಲಿ ಬಿಟ್ಟು ‘ಬರ್ರಿ ಅಕ್ಕಾರ, ನಿಮ್ಮ ಒಲಿ ನಿಮ್ಮನ್ನ ಕರ್ಯಾಕತ್ತದ’ ಅಂತ ಚಾಷ್ಟಿ ಮಾಡ್ತಿದ್ಲು. ಮುಂಜಾನೆ ಉಂಡು ಹೋಗಿ ಸಂಜಿಕ ಬಂದು ಒಲಿ ಹಚ್ಚೂವಷ್ಟು ದೂರ, ಅಷ್ಟ ನನ್ನ ಜಗತ್ತು.

ಆದ್ರ ನನಗ ಸಮುದ್ರ ನೋಡಬೇಕಿತ್ತು. ಬಾಲಗಾಂವದ ಕನ್ನಡ ಸಾಲ್ಯಾಗ ನಾಲ್ಕನೇ ಇಯತ್ತೆದಾಗ ಇದ್ದಾಗ ನಮ್ಮ ಮಾಸ್ತರು ನೀಲಿ ಸೀಮಿಸುಣ್ಣ ಅಡ್ಡ ಹಿಡದು ಹಲಗಿ ಮ್ಯಾಲ ಒಂದ ಪಟ್ಟಿ ಎಳದು, ‘ಇದು ಸಮುದ್ರ, ಇದರ ಆಚಿ ದಂಡಿ ಕಾಣೂದಿಲ್ಲ’ ಅಂದ್ರು. ‘ಕಾಣೂದಿಲ್ಲಂದ್ರ ಹೆಂಗ್ರಿ ಮಾಸ್ತರ, ಬಗ್ಗಿ ನೋಡಿದ್ರೂ ಕಾಣೂದಿಲ್ಲೇನ್ರಿ’ ಅಂತ ಕೇಳಿ ಒಂದು ಏಟು ತಿಂದಿದ್ದೆ. ಏಟಿನ ಉರಿ ಹೋತು, ಪ್ರಶ್ನಿ ಹೋಗಲಿಲ್ಲ. ನಮ್ಮ ಸೀಮ್ಯಾಗ ಯಾವ ಕೆರಿ ನೋಡಿದ್ರೂ ಆಚಿ ದಂಡಿ ಮೊದಲ ಕಾಣತದ, ನೀರು ಆಮ್ಯಾಲ.

ಇವರು ಒಣದ್ರಾಕ್ಷಿ ವ್ಯಾಪಾರದವರು. ವಾರಕ್ಕ ಎರಡು ಸಲ ಟೆಂಪೋದಾಗ ಮಾಲು ಹೇರಿಕೊಂಡು ಸಾಂಗಲಿ ಪ್ಯಾಟಿಗೆ ಹೋಗೂದು, ಸಂಜಿಕ ತಿರುಗಿ ಬರೂದು. ಬಂದು ಕಾಲು ತೊಳಿಯೂ ಮುಂಚೆನ ‘ತಾಟ ಹಾಕು’ ಅಂತಿದ್ರು. ಆರು ರೊಟ್ಟಿ ತಿಂತಿದ್ರು. ‘ಸಾಂಗಲ್ಯಾಗ ಹೊಟೇಲು ಮುಚ್ಯಾವೇನ್ರಿ? ಮಧ್ಯಾಹ್ನ ಉಂಡವರು ಹಿಂಗ ತಿಂತಾರೇನು?’ ಅಂತ ನಾ ಬಡಕೋತಿದ್ದೆ. ‘ಹೊಟೇಲಿಂದೇನ ಊಟ ಬಿಡ’ ಅಂತ ನಗತಿದ್ರು. ಹೊರಗಿನ ರುಚಿ ಹತ್ತಿಲ್ಲಲ್ಲ, ಅಷ್ಟ ಸಾಕು ಅಂತ ನಾ ಏಳನೇದ್ದು ಬಡೀತಿದ್ದೆ.

ಮೂರು ವರ್ಷದ ಹಿಂದ ಹೊಸಾ ಗಾಡಿ ತಗೊಂಡ್ರು. ಹಳೀ ಟೆಂಪೋ ಮಾರಲಿಲ್ಲ. ಜತ್ತದ ಒಂದು ಗ್ಯಾರೇಜಿಗೆ ಒಯ್ದು ಬಿಟ್ಟು, ಏನ ಮಾಡಾಕತ್ತೀರಿ ಅಂದ್ರ ಬಾಯಿ ಬಿಡವಲ್ಲರು. ಒಂದು ದಿನ ಅಂಗಳದಾಗ ತಂದು ನಿಂದರಿಸಿ ಹಿಂದಿನ ಬಾಗಲಾ ತಗದ್ರು. ಒಳಗ ಒಂದು ಮಂಚ, ಗ್ವಾಡಿಗೆ ಕಪಾಟು, ನೀರಿನ ಡ್ರಮ್ಮು, ಕಿಡಕಿಗೆ ಪಡದಾ. ಬಾಗಲಾ ತಗದ ಕೂಡ್ಲೆ ಎದುರಿಗೆ ಕಡಪಾ ಕಲ್ಲಿನ ಕಟ್ಟಿ, ಅದರ ಮ್ಯಾಲ ಎರಡು ಬಾಯಿದು ಗ್ಯಾಸಿನ ಒಲಿ. ‘ನೀ ಅಂತೂ ಒಲಿ ಬಿಟ್ಟು ಬರಾಕಿ ಅಲ್ಲ. ಅದಕ ಒಲೀನ ಗಾಡ್ಯಾಗ ಹಾಕೀನಿ. ನಡಿ ಸಮುದ್ರಕ್ಕ’ ಅಂದ್ರು. ‘ಪಡದಾದ ಬಣ್ಣ ಚಲೋ ಇಲ್ಲ’ ಅಂದು ಒಳಗ ಹೋಗಿ ಸೆರಗು ಬಾಯಿಗೆ ಇಟ್ಕೊಂಡು ಕಣ್ಣೀರು ಹಾಕಿದೆ.

ಗಾಡಿ ಹೇರಾಕ ಇವರ ಸಾಲಿ ದೋಸ್ತ ಬಂದ. ಸನಮಡಿ ಊರವ, ಕುರಿ ಮೇಯಿಸೂವವ. ವರ್ಷಾ ಜ್ವಾಳದ ರಾಶಿ ಆದ ಮ್ಯಾಲ ಅವನ ಕುರಿ ಹಿಂಡು ನಮ್ಮ ಹೊಲದಾಗ ಗೊಬ್ಬರಕ್ಕ ನಿಂದರತದ. ನನ್ನನ್ನ ವೈನಿ ಅಂತಾನ, ನಾ ಅಣ್ಣಾರ ಅಂತೀನಿ. ವರ್ಷದಾಗ ಎಂಟು ತಿಂಗಳು ಸಂಸಾರನ್ನೆಲ್ಲಾ ಒಂದು ಕುದರಿ ಮ್ಯಾಲ ಹೇರಿಕೊಂಡು ತಿರಗೂವವನಿಗೆ ಹೇರೂದು ಕಲಿಸೂವರ್ಯಾರು? ನಾನೂ ಇವರೂ ಕೈಕಟ್ಟಿ ನಿಂತಿವಿ.

‘ಕುದರಿ ಮ್ಯಾಲ ಏನೂ ನಿಂದರಸೂದಿಲ್ರಿ ವೈನಿ’ ಅಂದ. ‘ಹಂಡೆ ಇರಲಿ, ಬುಟ್ಟಿ ಇರಲಿ, ಬೀಸೂಕಲ್ಲು ಇರಲಿ, ಎಲ್ಲಾ ಮಲಗಿಸಿ ಬಿಗಿಯೂದು. ಸಪ್ಪಳ ಆಗದಂಗ ಕಂಬಳಿ ಸುತ್ತೂದು. ಸಪ್ಪಳ ಆದ್ರ ಕುದರಿ ಬೆದರತದ, ಕುರಿ ಚೆದರತಾವ.’ ನಮ್ಮ ಟೆಂಪೋ ಬೆದರೂದಿಲ್ಲ ಅಂತ ನಾ ಅಂದದ್ದು ಅವನ ಕಿವಿಗೆ ಬೀಳಲಿಲ್ಲ. ತನ್ನ ಕುರಿ ಉಣ್ಣೀಲೆ ನೇಯಿಸಿದ ಒಂದು ಹೊಸಾ ಕರೀ ಕಂಬಳಿ ತಂದಿದ್ದ, ನನಗ ಸಮುದ್ರದ ದಂಡ್ಯಾಗ ಹಾಸಾಕ ಅಂತ. ಅದನ್ನ ಗ್ಯಾಸಿನ ಸಿಲಿಂಡರಿಗೆ ಸುತ್ತಿ, ಕೂಸಿನ್ನ ಮಲಗಿಸಿದಂಗ ಮಂಚದ ಕೆಳಗ ಮಲಗಿಸಿ, ಹಗ್ಗಲೆ ಬಿಗಿದ. ರೆಗ್ಯುಲೇಟರಿಗೂ ಮಾರಿ ತುಂಬ ಕಂಬಳಿ. ರಬ್ಬರ್ ನಳಿ ಒಂದ ಹೊರಗ. ಹೊರಡೂ ಹೊತ್ತಿಗೆ ಗಾಡಿ ಎಷ್ಟು ಅಲುಗಿದ್ರೂ ಒಂದು ಚಮಚಾ ಸುದ್ದ ಸಪ್ಪಳ ಮಾಡಲಿಲ್ಲ. ನಾ ಖುಷಿಯಾಗಿ ಅವನಿಗೆ ಒಂದು ಡಬ್ಬಿ ಶೇಂಗಾ ಹೋಳಗಿ ಕೊಟ್ಟೆ.

ಮೊದಲನೇ ಸಲ ಮಿರಜ ದಾಟಿ ಒಂದು ಧಾಬಾದ ಬಾಜೂಕ ಗಾಡಿ ನಿಂದರಿಸಿದ್ವಿ. ರೆಗ್ಯುಲೇಟರಿನ ಕಿವಿ ತಿರುವಿ ಗ್ಯಾಸ್ ಬಿಡೂ ಕೆಲಸ ಇವರದು, ನನಗ ಮುಟ್ಟಗೊಡತಿರಲಿಲ್ಲ. ಕಂಬಳ್ಯಾಗ ಕೈ ಹಾಕಿ ತಿರುವಿದ್ರು, ನಾ ಕಡ್ಡಿ ಗೀರಿದೆ. ಮೊಳದುದ್ದ ಹಳದಿ ಉರಿ ಎದ್ದು ಹಂಚು ಕರ್ರಗ ಮಾಡಿತು. ಸಣ್ಣ ಮಾಡಿದ್ರ ಸಣ್ಣ ಆಗವಲ್ಲದು. ಆಮ್ಯಾಲ ಉಗುಳಿದಂಗ ಚುರ್ ಚುರ್ ಅಂತು, ಕುಗ್ಗಿತು, ಆರಿ ಹೋತು. ಹಂಚಿನ ಮ್ಯಾಲಿನ ರೊಟ್ಟಿ ಅರ್ಧಾ ಹಸೀನ ಉಳೀತು. ‘ರೆಗ್ಯುಲೇಟರ್ ಹೋತು’ ಅಂದ್ರು ಇವರು, ಮನ್ಯಾಗ ಯಾರೋ ಹೋದಂಗ ಮಾರಿ ಮಾಡಿ.

ಮೂರು ಕಲ್ಲು ಇಟ್ಟು ಒಲಿ ಹೂಡಬೇಕಿತ್ತಲ್ಲ ಅಂತ ನೀವು ಅನ್ನಬೋದು. ಹೂಡಿದೆ. ಸುತ್ತ ಕಬ್ಬಿನ ಒಣ ಎಲಿ, ರವದಿ, ಬಿದ್ದಿತ್ತು. ಧಾಬಾದವ ಓಡಿ ಬಂದು ಕೈ ಮುಗದು ‘ತಾಯಿ, ನನ್ನ ಧಾಬಾ, ಬಾಜೂದವರ ಕಬ್ಬು, ಎರಡೂ ಸುಡಬ್ಯಾಡ್ರಿ’ ಅಂದ. ಅವನ ಮಾತೂ ಖರೆ ಇತ್ತು. ಇವರು ‘ನಾ ಒಳಗ ಉಂಡು ಬರತೀನಿ’ ಅಂತ ಧಾಬಾಕ್ಕ ಹೋಗಿ ಬಂದ್ರು. ನಾ ನಾಲ್ಕು ಬಾಳಿಹಣ್ಣು ತಿಂದು ಮಾರಿ ಊದಿಸಿಕೊಂಡು ಮನಿಗೆ ಬಂದೆ.

ಮನ್ಯಾಗ ಸಿಲಿಂಡರ್ ಇಳಿಸಿ, ಕಂಬಳಿ ಬಿಚ್ಚಿ, ಕಟ್ಟಿ ಮ್ಯಾಲ ನಿಂದರಿಸಿದ್ರು. ಉರಿ ಹಾರಾಡಾಕತ್ತಿತ್ತು. ಜತ್ತದ ಮಿಸ್ತ್ರಿ ಹಳೀ ರೆಗ್ಯುಲೇಟರ್ ನೋಡಿ ‘ಒಳಗಿನ ರಬ್ಬರ್ ಕೆಟ್ಟದ್ರಿ, ಎಣ್ಣಿ ಎಣ್ಣಿ ಆಗ್ಯಾದ, ಯಾಕಂತ ತಿಳೀವಲ್ದು’ ಅಂದು ಹೊಸಾದು ಕೊಟ್ಟ. ಹೊಸಾದು ಹಾಕಿದ್ರ ಚಂದಾಗಿ ನೀಲಿ ಉರಿ. ಕಂಬಳಿ ಯಾಕೋ ಒದ್ದಿ ಆಗಿತ್ತು. ನೀರಿನ ಡ್ರಮ್ಮು ಸೋರತದ ಅಂತ ಇವರು ಡ್ರಮ್ಮು ಬದಲಿಸಿದ್ರು.

ಎರಡನೇ ಸಲ ಕೊಲ್ಲಾಪುರ ದಾಟಿದ್ವಿ. ಮಳಿ. ಹಂಗ ಹಳದಿ ಉರಿ, ಹಂಗ ಚುರ್ ಚುರ್, ಹಂಗ ಆರೂದು. ಒದ್ದಿ ಕಟಗಿ ಊದಿ ಊದಿ ನನ್ನ ಕಣ್ಣು ಕೆಂಪಾದ್ವು, ಒಲಿ ಆಗಲಿಲ್ಲ. ಇವರು ಕೊಡಿ ಹಿಡಕೊಂಡು ಹೊಟೇಲಿಗೆ ಹೋಗಿ ಬಂದ್ರು, ನಾ ಮತ್ತ ಬಾಳಿಹಣ್ಣು. ಊರಿಗೆ ಬಂದ್ರ ಮತ್ತ ಕಟ್ಟಿ ಮ್ಯಾಲ ನಿಂದರಿಸಿ, ಮತ್ತ ಹೊಸಾ ರೆಗ್ಯುಲೇಟರ್, ಮತ್ತ ನೀಲಿ ಉರಿ. ಮನ್ಯಾಗ ಚಲೋ ಇದ್ದದ್ದು ದಾರ್ಯಾಗ ಯಾಕ ಕೆಡತದ? ದೃಷ್ಟಿ ಆಗ್ಯಾದ ಅಂತ ಇವರು ಗಾಡಿಗೆ ಲಿಂಬಿಹಣ್ಣು ಮೆಣಸಿನಕಾಯಿ ಕಟ್ಟಿದ್ರು. ಓಣ್ಯಾಗಿನ ಹೆಂಗಸರು ನೀರಿಗೆ ಬಂದಾಗ ‘ಸಮುದ್ರ ಹೆಂಗಿತ್ರಿ ಅಕ್ಕಾರ, ಉಪ್ಪು ಸಾಕಷ್ಟು ಇತ್ತೇನು’ ಅಂತ ಕೇಳಾಕ ಸುರು ಮಾಡಿದ್ರು.

ನನಗ ರೇಗಿತು. ‘ಇನ್ನೊಂದ ಸಲ. ಈ ಸಲ ಒಲಿ ಹತ್ತಲಿಲ್ಲಂದ್ರ ಗಾಡಿ ಮಾರಿ ಬಿಡ್ರಿ. ಸಮುದ್ರ ಅಲ್ಲೇ ಇರಲಿ, ನಾ ಇಲ್ಲೇ ಇರತೀನಿ. ಮತ್ತ ಅದರ ಹೆಸರು ತಗದ್ರ ನೋಡ್ರಿ’ ಅಂದೆ. ನನ್ನ ಹಟ ಇವರಿಗೆ ಗೊತ್ತಿತ್ತು.

ಮೂರನೇ ಸಲ ಕುರಿ ಅಣ್ಣಾರೂ ಸಂಗಾಟ ಹೊಂಟ. ತಾ ಬಿಗಿದ ಗಾಡಿ ಎರಡು ಸಲ ಸೋತು ಬಂದದ್ದು ಅವನಿಗೆ ಅಪಮಾನ ಆಗಿತ್ತು. ಹಿಂಡು ತಮ್ಮನ ಕೈಯಾಗ ಕೊಟ್ಟು ಬಂದ, ಮತ್ತ ತಾನ ಸಿಲಿಂಡರ್ ಮಲಗಿಸಿದ, ಈ ಸಲ ಕಂಬಳಿ ಎರಡು ಸುತ್ತು. ಕೊಲ್ಲಾಪುರ ದಾಟಿ, ಆಂಬಾ ಘಾಟದ ತಲಿ ಮ್ಯಾಲ ಗಾಡಿ ನಿಂತಾಗ ಮುಂಜಾನೆ ಹತ್ತಾಗಿತ್ತು. ಕೆಳಗೆಲ್ಲಾ ಹಸರು. ಇಲ್ಲಿಂದ ಇಳದ್ರ ಸಮುದ್ರನ. ನಾ ಲಿಂಗಪೂಜಿ ಮುಗಿಸಿ ಹಿಟ್ಟು ನಾದಿ ಇಟ್ಟೆ. ಇವರು ಕಿವಿ ತಿರುವಿದ್ರು. ಮೊಳದುದ್ದ ಹಳದಿ ಉರಿ. ಚುರ್ ಚುರ್. ಆರಿತು.

ಇವರು ಕಿವಿ ಬಂದ್ ಮಾಡಿ ‘ನಾವಿಬ್ಬರೂ ಹೊಟೇಲದಾಗ ಏನಾರ ತಿಂದು ಬರತೀವಿ, ನೀ ಹಣ್ಣು ತಿನ್ನು’ ಅಂದು ರಸ್ತಾ ದಾಟಿ ಹೋದ್ರು. ನಾ ಹಿಟ್ಟಿನ ಪರಾತ ನೋಡಿಕೋತ ಕುಂತೆ. ಸಮುದ್ರ ಇಲ್ಲ ಅಂತ ಮನಸ್ಸಿಗೆ ಹೇಳಿಕೊಳ್ಳಾಕತ್ತಿದ್ದೆ. ಇವರಿಗೆ ಊಟದ ಚಿಂತಿ ನೋಡು ಅಂತ ಅವರ ಮ್ಯಾಲನೂ ಸಿಟ್ಟು ಬಂತು.

ಅಣ್ಣಾರ ಮೊದಲ ಬಂದ, ಒಬ್ಬನ. ತಲಿ ಕೆರಕೋತ ನಿಂತ. ‘ವೈನಿ, ಸಿಟ್ಟಾಗಬ್ಯಾಡ್ರಿ. ನಾ ಹೇಳಬಾರದಿತ್ತು, ಆದ್ರ ನನಗ ನೋಡಾಕ ಆಗವಲ್ದು. ಅವ ಅಲ್ಲಿ ಉಣ್ಣಾಕತ್ತಿಲ್ಲ. ನನಗ ತಾಟ ತರಿಸಿ ಕೊಟ್ಟು, ತಾ ಒಂದು ಕಪ್ ಚಾ ಹಿಡಕೊಂಡು ಕುಂತಾನ. ಹೋದ ಎರಡು ಸಲಾನೂ ಹಂಗ ಮಾಡ್ಯಾನಂತ.’

ನನಗ ಅಳು ಬಂತು. ಅಣ್ಣಾರಗ ಅದನ್ನ ತೋರಿಸೂದು ಬ್ಯಾಡಾಗಿತ್ತು. ಏನೋ ಹುಡುಕೂವಂಗ ಮಾಡಿ ಮಂಚದ ಕೆಳಗ ತಲಿ ಹಾಕಿದೆ. ಕಣ್ಣು ಒರಸಾಕ ಕೈಗೆ ಸಿಕ್ಕದ್ದು ಆ ಕಂಬಳಿ. ಅದು ಒದ್ದಿ ಇತ್ತು. ಡ್ರಮ್ಮು ಹೊಸಾದು, ಸೋರೂದಿಲ್ಲ, ಮತ್ತ ಇದು ಯಾಕ ಒದ್ದಿ ಅಂತ ಒಳಗ ಕೈ ಹಾಕಿದೆ. ಕೈ ಝುಮ್ ಅಂತು. ಕಂಬಳಿ ಎಳದು ನೋಡಿದ್ರ ರೆಗ್ಯುಲೇಟರ್ ಬೆಳ್ಳಗ ಹಿಮ ಹಿಡದು ಕುಂತದ, ಫ್ರಿಜ್ಜಿನ ಒಳಗಿನ ಡಬ್ಬಿ ಹಂಗ.

ಅಲ್ಲೇ ಮೊಣಕಾಲು ಊರಿ ಕುಂತು ವಿಚಾರ ಮಾಡಿದೆ. ಮನಿ ಸಿಲಿಂಡರ್ ಅಲುಗಿಸಿದ್ರ ಒಳಗ ನೀರಿನಂಗ ಗುಳುಗುಳು ಅಂತದ, ಅದನ್ನ ಸಾವಿರ ಸಲ ಕೇಳೀನಿ. ಎಣ್ಣಿ ಡಬ್ಬಿ ನಿಂದರಿಸಿ ಬಾಯಿ ತಗದ್ರ ವಾಸನಿ ಅಷ್ಟ ಬರತದ, ಮಲಗಿಸಿ ತಗದ್ರ ಎಣ್ಣೀನ ಬರತದ. ಇದೂ ಹಂಗ. ನಿಂತಾಗ ಮ್ಯಾಲಿನ ಹವಾ ಬರತದ, ಮಲಗಿಸಿದ್ರ ನೀರಿನಂಗ ಇರೂ ಗ್ಯಾಸ ಬಂದು ರೆಗ್ಯುಲೇಟರಿನ ಗಂಟಲಾಗ ಕುಂದರತದ, ಅದರ ತಂಪಿಗೆ ಕಂಬಳಿ ಒದ್ದಿ ಆಗತದ. ಮನ್ಯಾಗ ನಿಂದರಸತೀವಿ, ದಾರ್ಯಾಗ ಮಲಗಸತೀವಿ. ರೆಗ್ಯುಲೇಟರಿಂದೇನ ತಪ್ಪು? ನಾವ ಅದರ ಬಾಯಾಗ ನೀರು ಸುರುವಿ, ಮ್ಯಾಲ ಕಂಬಳಿ ಹೊಚ್ಚಿ, ಮೂರನ್ನ ಕೊಂದೀವಿ.

‘ಅಣ್ಣಾರ, ಬಿಚ್ಚರಿ ಇದನ್ನ. ನಿಂದರಸರಿ’ ಅಂದೆ.

‘ನಿಂದರಿಸಿದ್ರ ಬೀಳತದ್ರಿ ವೈನಿ.’

‘ಬೀಳದಂಗ ನಿಂದರಿಸಿ ಬಿಗೀರಿ. ಹಗ್ಗ ನಿಮ್ಮದು, ಗಂಟು ನಿಮ್ಮದು.’

ಅವ ಹಿಮ ಮುಟ್ಟಿ ನೋಡಿದ, ನನ್ನ ಮಾರಿ ನೋಡಿದ. ನಾ ಎಣ್ಣಿ ಡಬ್ಬಿ ಲೆಕ್ಕಾ ಹೇಳಿದೆ. ಹಗ್ಗಕ್ಕ ಕೈ ಹಾಕಿಕೋತ, ‘ಕುದರಿ ಮ್ಯಾಲ ಎಲ್ಲಾ ಹೇರೀನ್ರಿ ನಾ, ಗ್ಯಾಸ್ ಒಂದು ಹೇರಿದ್ದಿಲ್ಲ’ ಅಂದ. ನನಗ ನಗಿ ತಡೀಲಿಲ್ಲ. ಅವನೂ ನಕ್ಕ. ಆ ಹೊತ್ತಿಗೆ ಇವರು ಬಂದು, ಬಾಗಲದಾಗ ನಿಂತು ಇಬ್ಬರನ್ನೂ ನೋಡಿ ‘ಏನಾತು, ಹುಚ್ಚು ಹಿಡದದೇನು’ ಅಂದ್ರು.

ನಾ ಹೇಳಿದ್ದನ್ನೆಲ್ಲಾ ಕೇಳಿಕೊಂಡು, ಇವರು ಮೊದಲ ಒಪ್ಪಲಿಲ್ಲ. ನಕಲಿ ಮಾಲು ಅಂದ್ರು, ಘಾಟದ ಹವಾ ಅಂದ್ರು. ನಾ ‘ನೀವು ಸುಮ್ಮ ಕುಂದರ್ರಿ’ ಅಂದೆ. ಎಲ್ಲಾ ಬಾಗಲಾ ಕಿಡಕಿ ತಗದು, ಗಾಡ್ಯಾಗಿನ ವಾಸನಿ ಪೂರಾ ಹೋಗೂತನಕ ಬೆಂಕಿ ಕಡ್ಡಿ ಮುಟ್ಟಲಿಲ್ಲ. ಅಣ್ಣಾರ ಸಿಲಿಂಡರನ್ನ ಕಟ್ಟಿ ಬಾಜೂಕ ನಿಂದರಿಸಿ ಮೂರು ಕಡಿ ಹಗ್ಗ ಹಾಕಿ ಬಿಗಿದ. ಇವರು ಕಿಸೆದಾಗಿಂದ ಇನ್ನೊಂದು ಹೊಸಾ ರೆಗ್ಯುಲೇಟರ್ ತಗದ್ರು. ‘ಕೆಡತದ ಅಂತ ಗೊತ್ತಿತ್ತಲ್ಲ, ಜ್ವಾಕಿ ಇರಲಿ ಅಂತ ತಂದಿದ್ದೆ’ ಅಂದ್ರು. ಈ ಸಲ ಕಿವಿ ನಾನ ತಿರುವಿದೆ, ಕಡ್ಡೀನೂ ನಾನ ಗೀರಿದೆ.

ನೀಲಿ ಉರಿ. ಗುಂಡಗ, ಸಣ್ಣಗ, ಸಪ್ಪಳ ಇಲ್ಲದಂಗ. ಒಂದು ಪಾತೇಲಿ ನೀರು ಇಟ್ಟಿವಿ, ಕುದೀತು. ಇನ್ನೊಂದು ಇಟ್ಟಿವಿ, ಅದೂ ಕುದೀತು. ಮೂರೂ ಮಂದಿ ಬಗ್ಗಿ ಉರಿ ನೋಡಿಕೋತ ನಿಂತಿದ್ವಿ. ‘ರೊಟ್ಟಿ ಬಡಿ ಮತ್ತ’ ಅಂದ್ರು ಇವರು. ನನ್ನ ಹೊಟ್ಟಿ ಬೆನ್ನಿಗೆ ಹತ್ತಿತ್ತು, ಆದ್ರೂ ‘ಇಲ್ಲಿ ಬ್ಯಾಡ, ನಡೀರಿ ಕೆಳಗ. ಇವತ್ತಿನ ಮೊದಲನೇ ರೊಟ್ಟಿ ಸಮುದ್ರದ ದಂಡ್ಯಾಗ’ ಅಂದೆ. ಹಟ ಅಂತ ಮೊದಲ ಹೇಳೀನಲ್ಲ.

ರತ್ನಾಗಿರಿ ಕಡಿ ಒಂದು ಸಣ್ಣ ದಂಡಿಗೆ ಮುಟ್ಟಿದಾಗ ಮಧ್ಯಾಹ್ನ ತಿರಗಿತ್ತು. ಗಾಳಿ ಒಲಿಗೆ ಬಡೀಬಾರದು ಅಂತ ಇವರು ಗಾಡೀನ ಸ್ವಲ್ಪ ಓರೆ ಮಾಡಿ ನಿಂದರಿಸಿದ್ರು. ನಾ ಹಿಂದಿನ ಬಾಗಲದ ಕೆಳಗ ಸಮುದ್ರಕ್ಕ ಬೆನ್ನು ಮಾಡಿ ನಿಂತು ಕಟ್ಟಿ ಮ್ಯಾಲ ರೊಟ್ಟಿ ಬಡಿಯೂದು, ಇವರಿಬ್ಬರೂ ಒಳಗ ಮಂಚದ ಮ್ಯಾಲ ಕಂಬಳಿ ಹಾಸಿಕೊಂಡು ನನ್ನ ಎದುರಿಗೆ ಕುಂದರೂದು. ನಾ ಗಾಡಿ ಇಳದವಳು ಸಮುದ್ರದ ಕಡಿ ಅರೆಗಣ್ಣಿಲೆ ಒಂದು ಸಲ ನೋಡಿ, ಇರು ಬರತೀನಿ ಅಂತ ಮನಸ್ಸಿನಾಗ ಹೇಳಿ, ಹಂಚು ಇಟ್ಟೆ. ಅಣ್ಣಾರ ಮಾತ್ರ ಕಣ್ಣು ತಗೀಲಾರದಂಗ ನೋಡಾಕತ್ತಿದ್ದ. ‘ಇಷ್ಟು ನೀರು, ಒಂದು ಕುರಿ ಕುಡಿಯಾಕ ಬರೂದಿಲ್ಲ ನೋಡ್ರಿ’ ಅಂತ ಭಾಳ ಮರಗಿದ.

ಝುಣಕ ಆತು. ಮೊದಲನೇ ರೊಟ್ಟಿ ಉಬ್ಬಿತು. ಲಿಂಗಕ್ಕ ತೋರಿಸಿ, ಒಂದು ತುತ್ತು ನಾ ಬಾಯಾಗ ಇಟ್ಕೊಂಡು, ತಾಟ ಇವರ ಕಡಿ ನೀಡಿದೆ. ಹಿಡಿದ ತಾಟ ನಾ ಬಿಡಲಿಲ್ಲ. ‘ಎಂದಿನಿಂದ ರೀ ಹೊರಗ ಉಣ್ಣೂದು ಬಿಟ್ಟೀರಿ?’ ಅಂತ ಕೇಳಿದೆ.

ಇವರು ಅಣ್ಣಾರನ ಕಡಿ ನೋಡಿದ್ರು. ಅಣ್ಣಾರ ಸಮುದ್ರ ನೋಡಿದ.

‘ಖರೆ ಹೇಳ್ರಿ.’

‘ದವಾಖಾನಿಯಿಂದ ಬಂದಾಗಿಂದ’ ಅಂದ್ರು. ‘ನೀ ನನ್ನ ಸಲುವಾಗಿ ಬಾಯಿ ಕಟ್ಟಿಕೊಂಡಿ. ನಾ ಹೊಟೇಲದಾಗ ಕುಂತು ಹೆಂಗ ಉಣ್ಣಲಿ?’

ಇಪ್ಪತ್ತೆರಡು ವರ್ಷ. ವಾರಕ್ಕ ಎರಡು ಸಲ ಸಾಂಗಲಿ. ಸಂಜಿಕ ಬಂದು ತಾಟ ಹಾಕು ಅನ್ನೂದು, ಆರು ರೊಟ್ಟಿ, ನಾ ಬಡಕೊಳ್ಳೂದು, ಅವರು ನಗೂದು. ಒಂದೊಂದೂ ಸಂಜಿ ನನ್ನ ಕಣ್ಣ ಮುಂದ ಬಂತು. ‘ನನಗ ಯಾಕ ಹೇಳಲಿಲ್ಲ’ ಅಂದೆ. ‘ಹೇಳಿದ್ರ ನೀ ಸಿಟ್ಟಾಗತಿದ್ದಿ’ ಅಂದ್ರು. ನಾ ಸಿಟ್ಟಾದೆ. ‘ಹಿಡೀರಿ ತಾಟ’ ಅಂತ ಜೋರಿಲೇ ಅಂದು, ಕಣ್ಣಾಗಿನ ನೀರು ಹಿಟ್ಟಿನ ಕೈಲೇ ಒರಸಿಕೊಂಡು, ಇನ್ನೊಂದು ರೊಟ್ಟಿ ಬಡೀಲಿಕ್ಕೆ ಸುರು ಮಾಡಿದೆ. ಮಾರಿ ತುಂಬ ಹಿಟ್ಟು ಆತು ಅಂತ ಅಣ್ಣಾರ ನಕ್ಕ, ಇವರೂ ನಕ್ಕರು. ನಾ ನಗಲಿಲ್ಲ ಅಂತ ಹೇಳಿದ್ರ ಸುಳ್ಳಾಗತದ.

ಇವರು ಉಣ್ಣಾಕತ್ತಿದ್ರು. ಹಸದ ಮನಶ್ಯಾ ಉಣ್ಣೂವಂಗ, ತಲಿ ಎತ್ತಲಾರದ. ನಾಲ್ಕಾತು, ಐದಾತು. ಬೆನ್ನ ಹಿಂದ ತೆರಿ ಬಂದು ಬಂದು ಹೋಗೂ ಸಪ್ಪಳ ಕೇಳತಿತ್ತು, ಉಪ್ಪಿನ ಗಾಳಿ ಕುತಗಿಗೆ ಬಡೀತಿತ್ತು. ‘ತಿರಗಿ ನೋಡ ಅಲ್ಲಿ, ಆಚಿ ದಂಡಿ ಖರೇನ ಕಾಣೂದಿಲ್ಲ’ ಅಂದ್ರು ಇವರು, ಬಾಯಾಗ ತುತ್ತು ಇಟ್ಕೊಂಡು. ‘ಉಣ್ಣರಿ ಮೊದಲ’ ಅಂದೆ. ನಾಲ್ವತ್ತು ವರ್ಷ ಕಾದೀನಿ, ಇನ್ನೆರಡು ರೊಟ್ಟಿ ಹೊತ್ತು ಕಾಯೂದು ನನಗೇನು ಭಾರ ಅನಿಸಲಿಲ್ಲ. ಏಳನೇದ್ದು ಹಂಚಿಗೆ ಹಾಕಿದೆ.